ಅವ್ವನಿಗೆ ನಲವತ್ತು

"ನಿನಗೆ ಸಂಬಳ ಕೊಡೋದು ಬೆರಳಿಗೆ ಕಣೋ, ತಲೆಗಲ್ಲ. ನಾಳೆಯಿಂದ ಆ ತಲೇನ ಚಪ್ಪಲಿ ಜೊತೆ ಹೊರಗೇ ಬಿಟ್ಟು ಬಾ."

ಸೂಪರ್‌ವೈಸರ್ ಕೂಗಾಡಲಿಲ್ಲ. ಟೀ ಲೋಟದಿಂದ ಬಾಯಿ ತೆಗೆದು, ಮೀಸೆ ಒರೆಸಿಕೊಂಡು, ಮೂವತ್ತಾರು ಜನರ ಎದುರು ಸಾವಕಾಶವಾಗಿ ಹೇಳಿದ. ಮೂವತ್ತಾರು ಜನ ತಲೆ ತಗ್ಗಿಸಿದರು. ಯಾರೋ ಒಬ್ಬ ಕಿಸಕ್ಕೆಂದ. ಅವನನ್ನು ದೂರುವಂತಿರಲಿಲ್ಲ. ನಗದಿದ್ದರೆ ಮುಂದಿನ ಸರದಿ ಅವನದೇ.

ಬೈಸಿಕೊಂಡವನು ಮಾಡಿದ್ದಿಷ್ಟೇ: ಕೈಯಲ್ಲಿ ಒಂದು ಕಾಗದ ಹಿಡಿದು ಸೀಟಿನಿಂದ ಎದ್ದು ಬಂದಿದ್ದ. ಕಾಗದ ಯಾವ ಕಾಲದಲ್ಲೋ ನೆಂದು ಒಣಗಿತ್ತು. ಮಸಿ ಹರಡಿ ನೀಲಿ ಮೋಡವಾಗಿತ್ತು. ಈ ಸಾಲಿನಲ್ಲಿ ವಯಸ್ಸೆಷ್ಟು ಅಂತ ಗೊತ್ತಾಗುತ್ತಿಲ್ಲ, ಏನು ಹೊಡೆಯಲಿ ಎಂದು ಕೇಳಿದ್ದ. ಖಾಲಿ ಬಿಟ್ಟರೆ ಕಂಪ್ಯೂಟರ್ ಯಂತ್ರ ಮುಂದಿನ ಸಾಲಿಗೆ ಹೋಗಗೊಡುವುದಿಲ್ಲ. ಕೇಳಲು ಎದ್ದರೆ ಗಂಟೆಗೆ ಇಷ್ಟು ಗುಂಡಿ ಒತ್ತಬೇಕೆಂಬ ಎಣಿಕೆ ಕೆಳಗೆ ಬೀಳುತ್ತದೆ. ಎರಡಕ್ಕೂ ಬೈಗುಳ ಖಾತ್ರಿ. ಅವನು ಕೇಳಿ ಬೈಸಿಕೊಂಡ.

"ಏಳನೇ ಕ್ಲಾಸು ದಾಟದವನಿಗೆ ಡೌಟು ಬೇರೆ," ಎಂದು ಸೂಪರ್‌ವೈಸರ್ ಲೋಟ ಕೆಳಗಿಟ್ಟ. ಅಂದಿನಿಂದ ಆ ಹಾಲಿನಲ್ಲಿ ಅವನ ಹೆಸರೇ ಏಳನೇ ಕ್ಲಾಸು ಆಯಿತು.

ಹಾಲು ಎಂದರೆ ನಗರಸಭೆಯ ಮೂರನೇ ಮಹಡಿ. ಮೊದಲು ಮುರಿದ ಕುರ್ಚಿ ತುಂಬಿಡುತ್ತಿದ್ದ ಜಾಗ. ಕಂಪ್ಯೂಟರುಗಳು ಬಂದ ಮೇಲೆ ಕುರ್ಚಿಗಳನ್ನು ಎಸೆದರು, ಕಿಟಕಿಗಳಿಗೆ ಹಲಗೆ ಹೊಡೆದರು, ಗೋಡೆಗೆ ಏಸಿ ಕೂರಿಸಿದರು. ಬಾಗಿಲಲ್ಲಿ ಒಂದು ಬೋರ್ಡು: ಯಂತ್ರಕ್ಕೆ ಧೂಳಾಗಬಾರದು, ಸೆಖೆಯಾಗಬಾರದು, ನೀರು ತಾಗಬಾರದು. ಮನುಷ್ಯರಿಗೆ ಏನಾಗಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಹಾಲಿನ ನಡುವೆ ಉದ್ದಕ್ಕೂ ಪ್ಲೈವುಡ್ ಗೋಡೆ. ಈ ಕಡೆ ಹದಿನೆಂಟು ಜನ, ಇವರು ಎ. ಆ ಕಡೆ ಹದಿನೆಂಟು ಜನ, ಅವರು ಬಿ. ಅರವತ್ತು ವರ್ಷದ ಹಳೆಯ ರಿಜಿಸ್ಟರುಗಳನ್ನು ಬ್ಲೇಡಿನಿಂದ ಸೀಳಿ, ಜೆರಾಕ್ಸ್ ಮಾಡಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಹಂಚುತ್ತಿದ್ದರು. ಹೆಸರಿನ ಪಟ್ಟಿ ಹೊಡೆಯುವವರು ಬೇರೆ, ವಯಸ್ಸಿನ ಪಟ್ಟಿ ಹೊಡೆಯುವವರು ಬೇರೆ. ಯಾರ ವಯಸ್ಸು ಹೊಡೆಯುತ್ತಿದ್ದೇನೆಂದು ಹೊಡೆಯುವವನಿಗೇ ಗೊತ್ತಿಲ್ಲ. ಗೊತ್ತಿರಬಾರದು. ಗೊತ್ತಾದರೆ ಯೋಚನೆ ಬರುತ್ತದೆ, ಯೋಚನೆ ಬಂದರೆ ಬೆರಳು ನಿಧಾನವಾಗುತ್ತದೆ.

ಒಂದೇ ಪಟ್ಟಿಯನ್ನು ಎ ಕಡೆಯವನೂ ಹೊಡೆಯಬೇಕು, ಬಿ ಕಡೆಯವಳೂ ಹೊಡೆಯಬೇಕು. ಯಂತ್ರ ಎರಡನ್ನೂ ಹೋಲಿಸುತ್ತದೆ. ಒಂದೇ ಆಗಿದ್ದರೆ ಸುಮ್ಮನೆ ನುಂಗುತ್ತದೆ. ಬೇರೆಯಾದರೆ ಬಾಲ ತುಳಿದ ನಾಯಿಮರಿಯಂತೆ ಕುಂಯ್ ಎನ್ನುತ್ತದೆ. ಕುಂಯ್ ಎಂದರೆ ಇಬ್ಬರೂ ಎದ್ದು ಹತ್ತು ನಿಮಿಷ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅವನು ಶಾಲೆ ಬಿಟ್ಟದ್ದೇ ಗೋಡೆಗೆ ಮುಖ ಮಾಡಿ ನಿಂತು ನಿಂತು ಬೇಸತ್ತು. ಸೂಪರ್‌ವೈಸರ್ ಮೇಜಿನ ಹಿಂದೆ ಸ್ವಂತ ಕೈಬರಹದಲ್ಲಿ ಇನ್ನೊಂದು ಬೋರ್ಡು ಹಾಕಿಸಿದ್ದ: ಇಬ್ಬರು ಒಪ್ಪಿದ್ದೇ ಸತ್ಯ.

ಗಂಟೆಗೆ ಎಂಟು ಸಾವಿರ ಹೊಡೆತ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಅಂಕಿ ಹೊತ್ತು ಎಣಿಸುತ್ತ ಓಡುತ್ತಲೇ ಇರುತ್ತದೆ. ಉಚ್ಚೆಗೆ ಎದ್ದರೂ ಅದು ನಿಲ್ಲುವುದಿಲ್ಲ. ಹಾಗಾಗಿ ಬಿ ಕಡೆಯ ಹೆಂಗಸರು ಮಧ್ಯಾಹ್ನದ ತನಕ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅವನ ಬಲಗೈ ಮಣಿಕಟ್ಟು ಸಂಜೆ ಹೊತ್ತಿಗೆ ಬನ್ನಿನಂತೆ ಊದುತ್ತಿತ್ತು. ಮನೆಗೆ ಹೋಗಿ ನೀರಿನ ಲೋಟ ಹಿಡಿಯಲು ಎರಡು ಕೈ ಬೇಕು. ಆದರೂ ಹಾಲಿನಲ್ಲಿ ಅವನಷ್ಟು ವೇಗ ಯಾರಿಗೂ ಇರಲಿಲ್ಲ. ಟೈಪಿಂಗ್ ಕಲಿಸುವ ಅಂಗಡಿಯಲ್ಲಿ ನಾಲ್ಕು ವರ್ಷ ನೆಲ ಒರೆಸಿದ್ದ. ಒರೆಸುತ್ತಲೇ ಕದ್ದು ಕಲಿತಿದ್ದ.

ಆ ದಿನ ಬೈಸಿಕೊಂಡು ಸೀಟಿಗೆ ಬಂದು ಕೂತ. ಕಿವಿ ಕೆಂಡವಾಗಿತ್ತು. ನೀಲಿ ಮೋಡ ಹಾಗೇ ಎದುರಿಗಿತ್ತು. ಅಂಕಿಗಳ ಗುಂಡಿಯ ಮೇಲೆ ಕೈ ಚೆಲ್ಲಿ ಕೂತರೆ ತೋರುಬೆರಳು ತಾನಾಗಿ ನಾಲ್ಕರ ಮೇಲೆ ಕೂರುತ್ತದೆ, ಹೆಬ್ಬೆರಳು ಸೊನ್ನೆಯ ಮೇಲೆ. ಸಿಟ್ಟಿನಲ್ಲಿ ಎರಡನ್ನೂ ಒತ್ತಿದ. ನಲವತ್ತು. ಕುಂಯ್ ಎನ್ನಲಿ, ಗೋಡೆಗೆ ನಿಲ್ಲಿಸಲಿ, ಸಾಯಲಿ ಎಂದುಕೊಂಡ.

ಯಂತ್ರ ಕುಂಯ್ ಎನ್ನಲಿಲ್ಲ. ಮುಂದಿನ ಸಾಲಿಗೆ ಹೋಯಿತು.

ಅವನು ಪ್ಲೈವುಡ್ ಗೋಡೆಯನ್ನೇ ನೋಡಿದ. ಗೋಡೆಯಾಚೆ ಯಾರೋ ಅದೇ ಹೊತ್ತಿಗೆ ಅದೇ ನಲವತ್ತನ್ನು ಒತ್ತಿದ್ದರು.

ಟೀ ವಿರಾಮದಲ್ಲಿ ಮೆಟ್ಟಿಲ ಮೇಲೆ ಆ ಯಾರೋ ಸಿಕ್ಕಳು. ಎಲ್ಲರೂ ಅಕ್ಕ ಎನ್ನುವ ಹೆಂಗಸು. ಹನ್ನೆರಡು ವರ್ಷ ಇದೇ ಕಟ್ಟಡದ ಒಂದನೇ ಮಹಡಿಯಲ್ಲಿ ಟೈಪಿಸ್ಟ್ ಆಗಿದ್ದವಳು. ಕಂಪ್ಯೂಟರ್ ಬಂದ ವಾರವೇ ಟೈಪ್‌ರೈಟರುಗಳನ್ನು ಗುಜರಿಗೆ ತೂಕಕ್ಕೆ ಹಾಕಿದರು, ಅವಳನ್ನು ಮನೆಗೆ ಕಳಿಸಿದರು. ಆಮೇಲೆ ದಿನಗೂಲಿಗೆ ಅದೇ ಬೆರಳುಗಳನ್ನು ಮೂರನೇ ಮಹಡಿಗೆ ಕರೆಸಿಕೊಂಡರು.

"ಆ ಒದ್ದೆ ಸಾಲಿಗೆ ನೀನೇನು ಹೊಡೆದೆ?" ಎಂದಳು.

"ನಲವತ್ತು. ನೀನು?"

"ನಲವತ್ತೇ."

"ಯಾಕೆ?"

ಅವಳು ಬಾಯಲ್ಲಿ ಹೇಳಲಿಲ್ಲ. ತೊಡೆಯ ಮೇಲೆ ಕೈ ಚೆಲ್ಲಿ ತೋರಿಸಿದಳು. ತೋರುಬೆರಳು, ಹೆಬ್ಬೆರಳು. ಇಬ್ಬರಿಗೂ ನಗು ಎಲ್ಲಿಂದ ಬಂತೋ, ಟೀ ಮೂಗಿಗೆ ಹತ್ತಿ, ಮೆಟ್ಟಿಲ ಕಂಬಿ ಹಿಡಿದುಕೊಂಡು ಕೆಮ್ಮಿದರು. ಒದ್ದೆ ಸಾಲುಗಳೆಲ್ಲ ಅವತ್ತಿನಿಂದ ನಲವತ್ತಾದವು. ಮಾತು ಹಾಲೆಲ್ಲ ಹರಡಲು ಎರಡು ದಿನ ಸಾಕಾಯಿತು. ಓದಲಾಗದಿದ್ದರೆ ನಲವತ್ತು. ಆಮೇಲೆ ಎಲ್ಲದಕ್ಕೂ ನಲವತ್ತು. ಟೈಮೆಷ್ಟು ಎಂದರೆ ನಲವತ್ತು. ಅತ್ತೆ ಹೇಗಿದ್ದಾರೆ ಎಂದರೆ ನಲವತ್ತು. ಒಂದು ತಿಂಗಳು ಯಂತ್ರ ಕುಂಯ್ ಎನ್ನಲೇ ಇಲ್ಲ. ಒಂದೂ ತಪ್ಪಿಲ್ಲದ ಕೆಲಸ ಎಂದು ಮೇಲಿನಿಂದ ಹೊಗಳಿಕೆಯ ಕಾಗದ ಬಂತು. ಸೂಪರ್‌ವೈಸರ್ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದ. ಮೂವತ್ತಾರು ಜನ ಚಪ್ಪಾಳೆ ತಟ್ಟಿದರು. ಅಷ್ಟು ಜೋರಾಗಿ ತಟ್ಟಬೇಕಾದ್ದೇನೂ ಇರಲಿಲ್ಲ, ಆದರೆ ನಗು ಮುಚ್ಚಲು ಬೇರೆ ದಾರಿಯಿರಲಿಲ್ಲ.

ಅವನ ಅವ್ವ ಅದೇ ನಗರಸಭೆಯ ಕಸ ಗುಡಿಸುವವಳು. ಮೂವತ್ತೆಂಟು ವರ್ಷ ಬುಟ್ಟಿ ಎಡ ಸೊಂಟದ ಮೇಲೆ ಕೂತು ಕೂತು ಅಲ್ಲೊಂದು ಗುಳಿ ಬಿದ್ದಿತ್ತು. ಬಲ ಭುಜ ಇಳಿದಿತ್ತು. ಮಂಡಿಗಳು ಮೆಟ್ಟಿಲು ಹತ್ತುವಾಗ ಒಂದು ಸದ್ದು, ಇಳಿಯುವಾಗ ಇನ್ನೊಂದು ಸದ್ದು ಮಾಡುತ್ತಿದ್ದವು. ಆ ತಿಂಗಳ ಕೊನೆಗೆ ಅವಳಿಗೆ ಅರವತ್ತು ತುಂಬಿ ನಿವೃತ್ತಿಯಾಗುವುದಿತ್ತು. ಒಂದು ವರ್ಷದಿಂದ ಅವಳ ಬಾಯಲ್ಲಿ ಒಂದೇ ಮಾತು: ಅದರ ಮರುದಿನ ಬಿಸಿಲು ಮುಖಕ್ಕೆ ಬಿದ್ದು ಸುಡೋ ತನಕ ಏಳಲ್ಲ, ಯಾರೂ ಎಬ್ಬಿಸಬೇಡಿ.

ಗುಡಿಸುವವರ ವಯಸ್ಸಿನ ಪಟ್ಟಿ ಬಂದ ಬೆಳಿಗ್ಗೆ ಅವನು ಅವ್ವನ ಜೊತೆ ಶೆಡ್ಡಿಗೆ ಹೋಗಿದ್ದ. ಕಸದ ಗಾಡಿಗಳು ನಿಲ್ಲುವ ತಗಡಿನ ಶೆಡ್ಡು. ಗೋಡೆಯ ಮೇಲೆ ಕಂಪ್ಯೂಟರಿನಿಂದ ಬಂದ ಉದ್ದನೆಯ ಹಾಳೆ ಅಂಟಿಸಿದ್ದರು. ಅಂಚಿನಲ್ಲಿ ಸಾಲಾಗಿ ತೂತುಗಳಿದ್ದ ಆ ಹಾಳೆಯ ಮುಂದೆ ಹೆಂಗಸರು ಗುಂಪು ಕಟ್ಟಿದ್ದರು. ಓದುತ್ತಿದ್ದವಳು ಅವನ ದೊಡ್ಡಕ್ಕ. ಏಳು ಮಕ್ಕಳಲ್ಲಿ ಅವಳು ಮೊದಲು, ಇವನು ಕೊನೆ. ಅವಳೂ ಅಲ್ಲೇ ಗುಡಿಸುವವಳು, ವಯಸ್ಸು ನಲವತ್ತಮೂರು.

ದೊಡ್ಡಕ್ಕ ಬೆರಳಿಟ್ಟು ಓದುತ್ತ ಓದುತ್ತ ನಿಂತಳು. ಮತ್ತೆ ಓದಿದಳು.

"ಅವ್ವಾ, ನಿನಗೆ ನಲವತ್ತು."

"ಏನು ನಲವತ್ತು?"

"ವಯಸ್ಸು. ನಾನು ನಿನಗಿಂತ ಮೂರು ವರ್ಷ ದೊಡ್ಡೋಳು."

ದೊಡ್ಡಕ್ಕ ಸೊಂಟಕ್ಕೆ ಕೈಯಿಟ್ಟು, "ಏ ಹುಡುಗಿ, ದೊಡ್ಡೋರ ಮುಂದೆ ಹೀಗಾ ಕೂರೋದು? ಎದ್ದು ನಿಂತ್ಕೋ," ಎಂದಳು. ನಗು ತಗಡನ್ನು ಬಡಿಯಿತು. ಹುಡುಕಿದರೆ ಇಪ್ಪತ್ತಮೂರು ಹೆಂಗಸರಿಗೆ ನಲವತ್ತು. ಬೆನ್ನು ಬಾಗಿದವಳಿಗೂ ನಲವತ್ತು, ಕಣ್ಣಿಗೆ ಪೊರೆ ಬಂದವಳಿಗೂ ನಲವತ್ತು. ಬಾಯಲ್ಲಿ ಒಂದೂ ಹಲ್ಲಿಲ್ಲದ ಅಜ್ಜಿಯೊಬ್ಬಳು, ಹಾಗಾದರೆ ನನ್ನ ಹಲ್ಲು ಯಾವ ತಿಂಗಳಲ್ಲಿ ಬರುತ್ತೆ ಅಂತ ಆ ಪೆಟ್ಟಿಗೇಲಿ ಕೇಳಿ ಹೇಳ್ರೇ ಎಂದಳು. ಗಂಡ ಸತ್ತ ಇಬ್ಬರು ತಮಗೆ ಮತ್ತೆ ಗಂಡು ನೋಡಿ ಎಂದರು. ಯಾರೋ ಬುಟ್ಟಿ ಬೋರಲು ಹಾಕಿ ಬಡಿದರು. ಅವ್ವ ಸೀರೆ ಸೊಂಟಕ್ಕೆ ಸಿಕ್ಕಿಸಿ, ಊದಿದ ಮಂಡಿಯಲ್ಲೇ ಒಂದು ಸುತ್ತು ತಿರುಗಿದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಗಾಡಿಗಳನ್ನು ಹಂಚುವ ಮೇಸ್ತ್ರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕೆಟ್ಟವನಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವ ಮನುಷ್ಯ. "ನಲವತ್ತು ಅಂದ್ರೆ ಇನ್ನೂ ಇಪ್ಪತ್ತು ವರ್ಷ ಗುಡಿಸಬೇಕು ಅಂತ ಕಣ್ರವ್ವ. ಈ ತಿಂಗಳು ಯಾರಿಗೂ ನಿವೃತ್ತಿ ಇಲ್ಲ," ಎಂದ.

ಬುಟ್ಟಿ ಬಡಿಯುವುದು ನಿಂತಿತು. ಅವ್ವ ತಿರುಗುತ್ತಿದ್ದವಳು ಗೋಡೆ ಹಿಡಿದುಕೊಂಡಳು. ಎಂಬತ್ತಾಗುತ್ತೆ ನನಗೆ ಎಂದು ಮೆಲ್ಲಗೆ ತನಗೇ ಹೇಳಿಕೊಂಡಳು.

ಅವನು ಆಗಲೇ ಶೆಡ್ಡಿನ ಮೂಲೆ ನೋಡುತ್ತಿದ್ದ. ಗುಡಿಸುವವರ ಹಳೆಯ ಹಾಜರಿ ಪುಸ್ತಕಗಳು ಅಷ್ಟು ವರ್ಷ ಇದ್ದದ್ದು ಅಲ್ಲಿ, ಸೋರುವ ನಲ್ಲಿಯ ಕೆಳಗಿನ ಕಲ್ಲಿನ ಮೇಲೆ. ಅಧಿಕಾರಿಗಳ ಪುಸ್ತಕ ಕಬ್ಬಿಣದ ಬೀರುವಿನಲ್ಲಿ, ಬೀಗದೊಳಗೆ, ಬೆಚ್ಚಗೆ. ಮೂರು ತಿಂಗಳು ಅವನ ಎದುರಿಗೆ ಬಂದ ಒದ್ದೆ ಸಾಲುಗಳೆಲ್ಲ ಎಲ್ಲಿಂದ ಬಂದವೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವ್ವನ ಇಪ್ಪತ್ತು ವರ್ಷವನ್ನು ಅವನೇ ಎರಡು ಬೆರಳಿನಿಂದ ಒತ್ತಿದ್ದ.

ಸಂಜೆ ಅವ್ವ ದಿನದಂತೆ ಅವನ ಮಣಿಕಟ್ಟಿಗೆ ಎಣ್ಣೆ ತಿಕ್ಕುತ್ತಿದ್ದಾಗ ಹೇಳಿಬಿಟ್ಟ. ಅವಳು ತಿಕ್ಕುವುದನ್ನು ನಿಲ್ಲಿಸಿದಳು. ಅವನ ಬೆರಳುಗಳನ್ನು ಒಂದೊಂದಾಗಿ ನೋಡಿದಳು.

"ನೀನು ಹುಟ್ಟಿದಾಗ ಎಣಿಸಿದ್ದೆ. ಹತ್ತೂ ಸರಿಯಾಗಿದ್ವು. ಕೆಡಿಸಿದ್ದು ಯಾರು?"

ಮತ್ತೆ ತಿಕ್ಕತೊಡಗಿದಳು, ಮೊದಲಿಗಿಂತ ಜೋರಾಗಿ.

ಮರುದಿನ ಅವ್ವ, ದೊಡ್ಡಕ್ಕ ಇಬ್ಬರೂ ಮೂರು ಮಹಡಿ ಹತ್ತಿ ಬಂದರು. ಸೂಪರ್‌ವೈಸರ್ ಅವರನ್ನು ಬಾಗಿಲಲ್ಲೇ ನಿಲ್ಲಿಸಿದ. ಯಂತ್ರಕ್ಕೆ ವಾಸನೆ ಆಗಲ್ಲ ಎಂದ. ಯಂತ್ರಕ್ಕೆ ಮೂಗು ಯಾವಾಗ ಬಂತು ಎಂದು ಯಾರೂ ಕೇಳಲಿಲ್ಲ. ಅವ್ವ ತನ್ನ ಪಕ್ಕದಲ್ಲಿದ್ದವಳನ್ನು ತೋರಿಸಿ, ಇವಳು ನನ್ನ ಮಗಳು ಸಾರ್, ಇವಳಿಗೆ ನಲವತ್ತಮೂರು, ನನಗೆ ನಲವತ್ತು ಹೇಗಾಗುತ್ತೆ ಎಂದು ಕೇಳಿದಳು.

"ಯಂತ್ರ ಸುಳ್ಳು ಹೇಳಲ್ಲಮ್ಮ. ಇಬ್ಬರು ನೋಡಿ ಒಪ್ಪಿ ಹೊಡೆದಿದ್ದಾರೆ. ಸಂತೋಷಪಡು. ಊರಿನ ಹೆಂಗಸರೆಲ್ಲ ವಯಸ್ಸು ಕಡಿಮೆ ಆಗ್ಲಿ ಅಂತ ಒದ್ದಾಡ್ತಾರೆ, ನಿನಗೆ ಬಿಟ್ಟಿ ಸಿಕ್ಕಿದೆ." ಅಷ್ಟಕ್ಕೂ ಬದಲಾಯಿಸಲೇಬೇಕಿದ್ದರೆ, ನೀನು ಹುಟ್ಟಿದ್ದನ್ನು ಕಣ್ಣಾರೆ ಕಂಡ ಇಬ್ಬರನ್ನು ಕರೆದುಕೊಂಡು ಬಾ ಎಂದೂ ಸೇರಿಸಿದ. ನಮ್ಮವ್ವ ಒಬ್ಬಳು ಕಂಡಿದ್ದಳು ಸಾರ್, ಅವಳು ಸತ್ತು ಇಪ್ಪತ್ತು ವರ್ಷ ಆಯ್ತು ಎಂದಳು ಅವ್ವ. ಹಾಗಾದ್ರೆ ನಾನೇನು ಮಾಡಲಿ ಎಂದು ಅವನು ಬಾಗಿಲು ಹಾಕಿಕೊಂಡ.

ಎ ಕಡೆಯಿಂದ ಮಗ ಎದ್ದು ನಿಂತಿದ್ದ. ಬಾಯಿ ತೆರೆದಿದ್ದ. ಅದು ಸತ್ಯ ಅಲ್ಲ, ನಾವು ಹಾಕಿದ ಅಂಕಿ ಎಂದು ಹೇಳಿದರೆ ಅವ್ವನಿಗೆ ಅರವತ್ತಾದೀತು. ಮೂವತ್ತಾರು ಜನ ಬೀದಿಗೆ ಬೀಳುತ್ತಾರೆ. ಪ್ಲೈವುಡ್ಡಿನ ತುದಿಯಿಂದ ಟೈಪಿಸ್ಟ್ ಅಕ್ಕ ಇಣುಕಿ ನೋಡುತ್ತಿದ್ದಳು. ಮುಚ್ಚು ಎಂದೂ ಅನ್ನಲಿಲ್ಲ, ಹೇಳು ಎಂದೂ ಅನ್ನಲಿಲ್ಲ. ಅವನು ಕೂತ.

ಟೀ ಹೊತ್ತಿಗೆ ಮೆಟ್ಟಿಲ ಮೇಲೆ ಯಾರೂ ನಗಲಿಲ್ಲ. ಅಕ್ಕ ಗೋಡೆಗೆ ಒರಗಿ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು. ಉಂಗುರಬೆರಳು ಆಡಿಸಿದಳು. ಹೆಬ್ಬೆರಳು ಆಡಿಸಿದಳು.

"ಇದು ಆರು. ಇದು ಸೊನ್ನೆ," ಎಂದಳು.

"ಅಂದ್ರೆ?"

"ನಾಳೆ ಬರೋದು ಕೊನೇ ಕಟ್ಟು. ಅಧಿಕಾರಿಗಳದ್ದು. ಬೀರುವಿನಿಂದ ತೆಗೆದದ್ದು, ಮುತ್ತಿನಂಥ ಅಕ್ಷರವಂತೆ." ಅವಳು ಅವನ ಮುಖ ನೋಡಿದಳು. "ನಮಗೆ ಸಂಬಳ ಬೆರಳಿಗಲ್ಲವಾ? ಓದೋಕ್ಕೆ ಯಾರು ಹೇಳಿದ್ದಾರೆ?"

ಅವನೂ ತನ್ನ ಉಂಗುರಬೆರಳು ಆಡಿಸಿ ನೋಡಿದ. ಆಮೇಲೆ ಮೆಟ್ಟಿಲ ಮೇಲೆ ಕೂತು ನಕ್ಕುಬಿಟ್ಟ.

ಮಾರನೆಯ ದಿನ ಅಧಿಕಾರಿಗಳ ಪಟ್ಟಿ ಬಂತು. ತೊಂಬತ್ತಮೂರು ಸಾಲು, ಹುದ್ದೆಯ ಪ್ರಕಾರ ಮೇಲಿನಿಂದ ಕೆಳಗೆ. ಮೂವತ್ತೈದು, ನಲವತ್ತೇಳು, ಐವತ್ತೊಂದು, ದುಂಡಗೆ ಬರೆದದ್ದು ದೂರದಿಂದಲೂ ಕಾಣುತ್ತಿತ್ತು. ಎ ಕಡೆ ಹದಿನೆಂಟು ಉಂಗುರಬೆರಳು ಕೆಳಗೆ ಬಂದವು. ಬಿ ಕಡೆ ಹದಿನೆಂಟು ಉಂಗುರಬೆರಳು ಕೆಳಗೆ ಬಂದವು. ಅರವತ್ತು. ಅರವತ್ತು. ಅರವತ್ತು. ಯಂತ್ರ ತುಟಿ ಪಿಟಕ್ಕೆನ್ನದೆ ನುಂಗಿತು. ಹೊಟ್ಟೆ ತುಂಬಿದ ಮಗುವಿನ ಹಾಗೆ ಗುರ್ ಎನ್ನುತ್ತ ಕೂತಿತು. ಒಂದೂ ತಪ್ಪಿಲ್ಲ ಎಂದು ಸೂಪರ್‌ವೈಸರ್ ಪರದೆ ನೋಡಿ ಮೀಸೆ ಸವರಿಕೊಂಡ. ಕೊನೆಯ ಸಾಲು ಅವನದೇ. ಅಧಿಕಾರಿಗಳಲ್ಲಿ ಎಲ್ಲರಿಗಿಂತ ಕೆಳಗಿನವನು ಅವನೇ.

ತಿಂಗಳ ಕೊನೆಯ ದಿನ ಅರವತ್ತಾದವರಿಗೆ ನಿವೃತ್ತಿ ಪತ್ರವನ್ನು ಯಂತ್ರ ತಾನೇ ಅಚ್ಚು ಹಾಕುತ್ತದೆ. ಆ ದಿನ ಬೆಳಿಗ್ಗೆ ಹತ್ತಕ್ಕೆ ಶುರುವಾದ ಪ್ರಿಂಟರು ಹನ್ನೊಂದೂವರೆಯಾದರೂ ನಿಲ್ಲಲಿಲ್ಲ. ಜವಾನ ಎರಡೂ ಕೈಯಲ್ಲಿ ಅಪ್ಪಿಕೊಂಡು ಕೋಣೆ ಕೋಣೆಗೆ ಹಂಚಿದ. ಓದಲು ಬಾರದ ಮನುಷ್ಯ, ಎಲ್ಲರಿಗೂ ಏನೋ ಒಳ್ಳೆಯದಾಗಿದೆ ಎಂದುಕೊಂಡು ಪ್ರತಿ ಮೇಜಿನಲ್ಲೂ ಹಲ್ಲು ಕಿರಿದು ಕೊಟ್ಟ. ಮೂರು ಮಹಡಿಯ ಬಾಗಿಲುಗಳು ಒಂದರ ಹಿಂದೊಂದು ತೆರೆದುಕೊಂಡವು. ಹೊಸದಾಗಿ ಮದುವೆಯಾದ ಇಂಜಿನಿಯರ್ ಪತ್ರ ಹಿಡಿದು ಕಾರಿಡಾರಿನಲ್ಲಿ ಓಡಿದ. ಮೂವತ್ತು ವರ್ಷದ ಸೇವೆಗೆ ಧನ್ಯವಾದ ಎಂದು ಅದರಲ್ಲಿತ್ತು. ಅವನು ಹುಟ್ಟಿಯೇ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಆರೋಗ್ಯಾಧಿಕಾರಿ ಕನ್ನಡಿ ಕೇಳಿದರು. ದೊಡ್ಡ ಸಾಹೇಬರು ಪತ್ರವನ್ನು ಮೂರು ಸಲ ಓದಿ, ಸೂಪರ್‌ವೈಸರಿಗೆ ಫೋನು ಮಾಡಿ, ಸಂಜೆಯೊಳಗೆ ಸರಿಯಾಗದಿದ್ದರೆ ನೋಡು ಎಂದು ಇಟ್ಟರು.

ಸೂಪರ್‌ವೈಸರ್ ಕೈಯಲ್ಲೂ ಪತ್ರವಿತ್ತು. ಅವನು ಹಾಲಿನ ಬಾಗಿಲಿಗೆ ಬರುವಷ್ಟರಲ್ಲಿ ಮೆಟ್ಟಿಲು ತುಂಬ ಪೊರಕೆಗಳು. ಇಪ್ಪತ್ತಮೂರು ಹೆಂಗಸರು ಹತ್ತಿ ಬಂದಿದ್ದರು. ಹಲ್ಲಿಲ್ಲದ ಅಜ್ಜಿಯನ್ನು ಇಬ್ಬರು ಎತ್ತಿಕೊಂಡೇ ತಂದಿದ್ದರು. ಅವ್ವ ಮುಂದೆ ಬಂದು ಅವನಿಗೊಂದು ಸ್ಟೂಲು ಎಳೆದು ಹಾಕಿದಳು.

"ಕೂತ್ಕೊಳ್ಳಿ ದೊಡ್ಡಪ್ಪ. ಮಂಡಿ ನೋಯುತ್ತೆ ಈ ವಯಸ್ಸಲ್ಲಿ."

"ಯಾರೇ ದೊಡ್ಡಪ್ಪ?"

"ನನಗೆ ನಲವತ್ತು, ನಿಮಗೆ ಅರವತ್ತು. ಇನ್ನೇನು ತಮ್ಮ ಅನ್ನಲಾ?" ಅವ್ವನ ದನಿಯಲ್ಲಿ ಎಷ್ಟು ಮರ್ಯಾದೆಯಿತ್ತೆಂದರೆ ಅವನಿಗೆ ಬೈಯಲು ಜಾಗವೇ ಸಿಗಲಿಲ್ಲ. "ಯಂತ್ರ ಸುಳ್ಳು ಹೇಳಲ್ಲವಲ್ಲ. ಸಂತೋಷಪಡಿ. ನಾಳೆ ಬಿಸಿಲು ಬರೋ ತನಕ ಮಲಗಬಹುದು."

ಅವನು ಸ್ಟೂಲನ್ನು ಒದ್ದು ಒಳಗೆ ನುಗ್ಗಿದ. ಎಲ್ಲರೂ ಅಧಿಕಾರಿಗಳ ಪಟ್ಟಿ ತೆಗೀರಿ, ಕಣ್ಣು ಬಿಟ್ಟು ನೋಡಿ ಸರಿಯಾಗಿ ಹೊಡೀರಿ ಎಂದ. ಯಾರೂ ಹೊಡೆಯಲಿಲ್ಲ. ಮೂವತ್ತಾರು ಜೊತೆ ಕೈ ಮೂವತ್ತಾರು ತೊಡೆಯ ಮೇಲೆ ಕೂತಿದ್ದವು. ಮೂರು ತಿಂಗಳಲ್ಲಿ ಮೊದಲ ಸಲ ಹಾಲಿನಲ್ಲಿ ಏಸಿಯ ಸದ್ದು ಕೇಳಿಸಿತು. ಪರದೆಯ ಮೂಲೆಯಲ್ಲಿ ಸಣ್ಣ ಅಂಕಿಗಳು ಒಂದೇ ಸಮನೆ ಓಡಿ ಓಡಿ ಕೆಂಪಾದವು. ಯಾರೂ ಅತ್ತ ನೋಡಲಿಲ್ಲ.

"ಮೊದಲು ಶೆಡ್ಡಿನ ಪಟ್ಟಿ," ಎಂದ ಅವನು, ಕೂತಲ್ಲಿಂದಲೇ. "ಅವರನ್ನೇ ಕೇಳಿ ಹೊಡೀತೀವಿ. ಆಮೇಲೆ ನಿಮ್ಮದು."

ಏಳನೇ ಕ್ಲಾಸಿನ ಬಾಯಿಂದ ಷರತ್ತು ಕೇಳಿ ಸೂಪರ್‌ವೈಸರಿಗೆ ತಡೆಯಲಾಗಲಿಲ್ಲ. ನೀವಿಲ್ಲದಿದ್ದರೆ ನನಗೆ ಬರಲ್ವಾ ಎಂದು ಒಂದು ಖಾಲಿ ಕುರ್ಚಿಗೆ ಹಾರಿ ಕೂತ. ಒಂಬತ್ತು ದಿನದ ತರಬೇತಿ ಆಗಿತ್ತು ಅವನಿಗೆ. ಮೊದಲ ಸಾಲು ದೊಡ್ಡ ಸಾಹೇಬರದು. ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಐವತ್ತೇಳು ಒತ್ತಿದ. ಯಂತ್ರ ಬಿ ಕಡೆಯ ಉತ್ತರಕ್ಕೆ ಕಾಯುತ್ತ ಕೂತಿತು. ಬಿ ಕಡೆ ಯಾರೂ ಕೈಯೆತ್ತಲಿಲ್ಲ. ಎದ್ದು, ಹೊಟ್ಟೆ ಹಿಡಿದುಕೊಂಡು, ಪ್ಲೈವುಡ್ ಗೋಡೆ ಸುತ್ತಿ ಆ ಕಡೆ ಓಡಿದ. ಅಕ್ಕ ಮರ್ಯಾದೆಯಿಂದ ಎದ್ದು ಕುರ್ಚಿ ಬಿಟ್ಟಳು. ಏದುಸಿರಿನಲ್ಲಿ ಒತ್ತಿದ. ಐವತ್ತನಾಲ್ಕು.

ಕುಂಯ್.

ಮತ್ತೆ ಈ ಕಡೆ ಓಡಿ ಬಂದ. ಐವತ್ತೇಳು. ಬಾಯಲ್ಲಿ ಐವತ್ತೇಳು ಐವತ್ತೇಳು ಎಂದು ಜಪಿಸುತ್ತ ಆ ಕಡೆ ಓಡಿದ. ಎಪ್ಪತ್ತೈದು. ಕುಂಯ್. ಬಾಗಿಲಲ್ಲಿ ಹೆಂಗಸರು ಪೊರಕೆಗೆ ಗದ್ದ ಊರಿ ನೋಡುತ್ತಿದ್ದರು. ಮೂರನೆಯ ಸುತ್ತಿಗೆ ಏಸಿಯಲ್ಲೂ ಅವನ ಅಂಗಿ ಬೆನ್ನಿಗೆ ಅಂಟಿತು. ನಾಲ್ಕನೆಯ ಸುತ್ತಿಗೆ ಗೋಡೆಗೆ ಭುಜ ಬಡಿದು ಪ್ಲೈವುಡ್ ನಡುಗಿತು. ಅಜ್ಜಿ, ಆ ಕಡೆ ಬಂದ್ರು, ಈ ಕಡೆ ಬಂದ್ರು ಎಂದು ಎಣಿಸತೊಡಗಿದಳು. ಒಬ್ಬನೇ ಮನುಷ್ಯ ತನ್ನ ಜೊತೆ ತಾನೇ ಒಪ್ಪಲಾರದೆ ಕುಂಯ್ ಅನ್ನಿಸಿಕೊಳ್ಳುತ್ತಿದ್ದ. ಯಾರೋ ತಡೆಯಲಾರದೆ ಬುಸ್ಸೆಂದರು. ಅಷ್ಟೇ ಸಾಕಾಯಿತು. ಇಡೀ ಹಾಲಿನಲ್ಲಿ ನಗು ಒಡೆಯಿತು. ಎ ಕಡೆಯವರು ಕೀಬೋರ್ಡಿನ ಮೇಲೆ ಹಣೆಯಿಟ್ಟು ನಕ್ಕರು. ಬಿ ಕಡೆಯ ಹೆಂಗಸರು ಕಣ್ಣೊರೆಸಿಕೊಂಡು, ಅಯ್ಯೋ ನೀರು ಕುಡಿಯದಿದ್ದದ್ದೇ ಒಳ್ಳೇದಾಯ್ತು ಕಣ್ರೇ ಎಂದು ಹೊಟ್ಟೆ ಹಿಡಿದುಕೊಂಡರು. ಏಳನೇ ಕ್ಲಾಸಿಗೆ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. ಹುಟ್ಟಿದಾಗಿನಿಂದ ಅಷ್ಟು ನಕ್ಕಿರಲಿಲ್ಲ.

ಸೂಪರ್‌ವೈಸರ್ ಗೋಡೆ ಹಿಡಿದು ನಿಂತ. ಮೇಜಿನ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಅವನು ಅದನ್ನು ನೋಡಿದ, ಹೆಂಗಸರನ್ನು ನೋಡಿದ.

"ಒಳಗೆ ಬನ್ನಿ," ಎಂದ.

ಇಪ್ಪತ್ತಮೂರು ಜನ ಒಳಗೆ ಬಂದರು. ಯಂತ್ರಕ್ಕೆ ಏನೂ ಆಗಲಿಲ್ಲ. ಒಬ್ಬೊಬ್ಬಳೇ ಪ್ಲೈವುಡ್ ಗೋಡೆಯ ತುದಿಯಲ್ಲಿ ನಿಂತು, ಎರಡೂ ಕಡೆಗೆ ಕೇಳುವಂತೆ ತ‌ನ್ನ ವಯಸ್ಸು ಹೇಳಿದಳು. ಹಲ್ಲಿಲ್ಲದ ಅಜ್ಜಿ, ಎಪ್ಪತ್ತೋ ಎಪ್ಪತ್ತೆರಡೋ ಎಂದಳು. ಒಂದು ಹೇಳಜ್ಜಿ ಎಂದು ಎರಡೂ ಕಡೆಯಿಂದ ಕೂಗಿದರು. ಎಪ್ಪತ್ತೆರಡೇ ಹಾಕ್ರಪ್ಪ, ಎರಡು ಕೊಸರು ಎಂದಳು. ಯಂತ್ರ ಕೊಸರನ್ನೂ ನುಂಗಿತು. ಅವ್ವನ ಸರದಿ ಬಂದಾಗ ಅವಳು ಸೀರೆ ಸರಿಮಾಡಿಕೊಂಡು, ಮಗನನ್ನು ನೋಡದೆ, ನೇರ ಯಂತ್ರಕ್ಕೇ ಹೇಳಿದಳು.

"ಅರವತ್ತು."

ಅವನ ಉಂಗುರಬೆರಳು ಕೆಳಗೆ ಬಂತು, ಹೆಬ್ಬೆರಳು ಬಂತು. ಗೋಡೆಯಾಚೆಯೂ ಬಂತು. ಕುಂಯ್ ಇಲ್ಲ. ಪ್ರಿಂಟರು ಗರಗರ ಎಂದು ಅವಳ ನಿವೃತ್ತಿ ಪತ್ರವನ್ನು ಹೊರಗೆ ತಳ್ಳಿತು. ಸೂಪರ್‌ವೈಸರ್ ಸಹಿ ಹಾಕಿದ. ಅವ್ವ ಅದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಪೊರಕೆಯನ್ನು ಅವನ ಮೇಜಿಗೆ ಒರಗಿಸಿ, ಹಿಂತಿರುಗಿ ನೋಡದೆ ಮೆಟ್ಟಿಲಿಳಿದಳು. ಮಂಡಿಯ ಸದ್ದು ಒಂದನೇ ಮಹಡಿಯ ತನಕ ಕೇಳಿಸಿತು.

ಆಮೇಲೆ ಅಧಿಕಾರಿಗಳ ಸರದಿ. ಕೊಟ್ಟ ಮಾತಿಗೆ ತಪ್ಪದೆ ಹೊಡೆದರು. ದೊಡ್ಡ ಸಾಹೇಬರು ಐವತ್ತೇಳಾದರು. ಇಂಜಿನಿಯರಿಗೆ ಮತ್ತೆ ಇಪ್ಪತ್ತೊಂಬತ್ತಾಯಿತು. ಕೆಳಗಿನ ಮಹಡಿಗಳಿಂದ ಒಂದೊಂದೇ ನಿಟ್ಟುಸಿರು ಮೇಲೆ ಬಂತು. ಫೋನು ಸುಮ್ಮನಾಯಿತು. ಫೋನು ಸುಮ್ಮನಾದಂತೆ ಸೂಪರ್‌ವೈಸರ್ ಬೆನ್ನು ನೆಟ್ಟಗಾಯಿತು. ಅಂಗಿ ಒಣಗಿತು. ಟೀ ತರಿಸಿಕೊಂಡ. ಎರಡು ಗುಟುಕು ಕುಡಿಯುವಷ್ಟರಲ್ಲಿ ಅವನ ಹಳೆಯ ದನಿ ವಾಪಸು ಬಂತು.

ಲೋಟ ಹಿಡಿದುಕೊಂಡೇ ಏಳನೇ ಕ್ಲಾಸಿನ ಕುರ್ಚಿಯ ಹಿಂದೆ ಬಂದು ನಿಂತ. ಮೂವತ್ತಾರು ಜನ ಕೇಳುವಂತೆ ಮಾತಾಡಿದ. ಎಲ್ಲರನ್ನೂ ಕಳಿಸೋಕ್ಕೆ ನನಗೆ ಇಷ್ಟ ಇಲ್ಲ ಎಂದ. ತಲೆ ಒಂದು ಕೊಟ್ಟರೆ ಸಾಕು ಎಂದ.

"ಅರವತ್ತು ಅಂತ ಮೊದಲು ಅಂದೋರು ಯಾರು? ಹೆಸರು ಹೇಳು. ನಾಳೆಯಿಂದ ನೀನು ಕಾಯಂ. ಈ ಹಾಲಿಗೇ ನೀನು ದೊಡ್ಡೋನು."

ಕಾಯಂ. ಆ ಮಾತನ್ನು ಅವನ ಬಗ್ಗೆ ಯಾರೂ ಆಡಿರಲಿಲ್ಲ. ಗೋಡೆಯಾಚೆ ಒಂದು ಕುರ್ಚಿ ಕಿರ್ರೆಂದಿತು. ಈ ಕಟ್ಟಡದಿಂದ ಒಮ್ಮೆ ಹೊರಗೆ ಹಾಕಿಸಿಕೊಂಡು ಬಂದವಳ ಕುರ್ಚಿ.

ಅವನು ಪರದೆ ನೋಡಿದ. ತೊಂಬತ್ತೆರಡು ಸಾಲು ಮುಗಿದಿದ್ದವು. ಉಳಿದದ್ದು ಕೊನೆಯದು, ಸೂಪರ್‌ವೈಸರನದು. ಬಿ ಕಡೆಯಿಂದ ಆಗಲೇ ಐವತ್ತೆರಡು ಬಂದು ಕೂತಿತ್ತು. ಎ ಕಡೆಯದಕ್ಕಾಗಿ ಸಣ್ಣ ಗೆರೆ ಮಿಟುಕುತ್ತಿತ್ತು. ಅದು ಬರುವ ತನಕ ಸೂಪರ್‌ವೈಸರನಿಗೆ ಅರವತ್ತೇ. ನಡುಬೆರಳನ್ನು ಎರಡು ಸಲ ಆಡಿಸಿದರೆ ಮುಗಿಯುತ್ತಿತ್ತು. ಸೂಪರ್‌ವೈಸರನೂ ಪರದೆ ನೋಡಿದ. ನೋಡಿದ ಮೇಲೆ ಅವನ ಲೋಟ ನಿಂತಲ್ಲೇ ನಿಂತಿತು. ತಾನೇ ಒತ್ತಿದರೆ ಮತ್ತೆ ಕುಂಯ್.

ಅವನು ಗುಂಡಿಗಳಿಂದ ಕೈ ತೆಗೆದ. ಊದಿದ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಎದ್ದ. ಪಕ್ಕದವನು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ, ಅವನ ಪಕ್ಕದವನೂ.

"ಕೇಳ್ತಾ ಇದ್ದೀನಿ, ಯಾರು?"

ಅವನು ಎರಡು ಸಾಲಿನ ನಡುವೆ ನಡೆದ.

"ಏಯ್. ಹೆಸರು ಆಮೇಲೆ ಹೇಳುವಂತೆ. ನನ್ನದೊಂದು ಹೊಡೆದು ಹೋಗು."

ಬಾಗಿಲು ತೆರೆದ. ಹೊರಗಿನ ಸೆಖೆ ಮುಖಕ್ಕೆ ಬಡಿಯಿತು, ಹಿತವಾಗಿತ್ತು. ಹಿಂದಿನಿಂದ ದನಿ ಇನ್ನೊಂದು ಮೆಟ್ಟಿಲು ಇಳಿಯಿತು.

"ಹೋಗಲಿ ಬಿಡಪ್ಪ. ಐವತ್ತೆರಡು. ಎರಡೇ ಎರಡು ಹೊಡೆತ."

ಅವನು ಮೆಟ್ಟಿಲಿಳಿಯುತ್ತ ಹೋದ.